ಸುತ್ತದ ರೀಲು

ವಕೀಲರು ಸಾಕ್ಷಿ ತನ್ನಿ ಎಂದಿದ್ದರು. ಅಂದಿನಿಂದ ಗಂಡ ಹೊಡೆದಾಗಲೆಲ್ಲ ಅಂಬುಜ ಬಚ್ಚಲಿನ ಬಾಗಿಲು ಹಾಕಿಕೊಂಡು, ಸಂತೆಯಲ್ಲಿ ಕೊಂಡ ಪ್ಲಾಸ್ಟಿಕ್ ಕ್ಯಾಮೆರಾವನ್ನು ಕನ್ನಡಿಯೆದುರು ಹಿಡಿದು ತನ್ನ ಮುಖದ ಫೋಟೊ ತೆಗೆಯುತ್ತಿದ್ದಳು. ನಾಲ್ಕು ತಿಂಗಳಲ್ಲಿ ಒಂಬತ್ತು ಸಲ.

ಸ್ಟುಡಿಯೊದವನು ರೀಲು ತೊಳೆದು ಫೋಟೊ ಕೈಗಿತ್ತ.

"ಇರೋದು ಇದೊಂದೇ ಕಣಮ್ಮ."

"ಒಂಬತ್ತು ಸಲ ಒತ್ತಿದ್ದೀನಣ್ಣ."

"ಒತ್ತಿದ್ದೀಯ, ಸುತ್ತಿಲ್ಲ. ಆಟದ ಸಾಮಾನು ಇದು, ರೀಲು ತಾನಾಗಿ ಮುಂದಕ್ಕೆ ಹೋಗಲ್ಲ. ಒಂಬತ್ತೂ ಒಂದರ ಮೇಲೊಂದು ಬಿದ್ದಿವೆ. ಚೆಂದ ಅಂತ ಬೇಕಂತಲೇ ಹೀಗೆ ತೆಗೆಯೋರೂ ಇದಾರೆ ಬಿಡು."

ಅಂಬುಜ ನೋಡಿದಳು. ಒಡೆದ ತುಟಿ, ಬಾತ ಕಣ್ಣು, ಹರಿದ ಕಿವಿ ಎಲ್ಲವೂ ಕಲಸಿಹೋಗಿ, ಯಾರ ಮುಖವೆಂದೂ ಹೇಳಲಾಗದ ಒಂದು ಬಿಳಿ ಮಸುಕಾಗಿತ್ತು. ಕೆನ್ನೆ ಮುಟ್ಟಿಕೊಂಡಳು. ಗಾಯಗಳೆಲ್ಲ ಮಾಯ್ದಿದ್ದವು. "ಕೋರ್ಟಿಗೆ ಕೊಡೋಕೆ ಬೇಕಿತ್ತಣ್ಣ" ಎಂದಳು.

"ಕೋರ್ಟು ಯಾವತ್ತು?"

"ನಾಡಿದ್ದು."

ಅವಳು ಕ್ಯಾಮೆರಾವನ್ನು ಅವನ ಮುಂದಕ್ಕೆ ತಳ್ಳಿದಳು.

"ಹೊಸ ರೀಲು ಹಾಕಿ, ಸುತ್ತೋದು ಹೇಗೇಂತ ತೋರಿಸಣ್ಣ. ನಮ್ಮ ಯಜಮಾನರು ಆರು ಗಂಟೆಗೆ ಮನೆಗೆ ಬರ್ತಾರೆ. ಇವತ್ತು ಸಾರಿಗೆ ಉಪ್ಪು ಹಾಕಲ್ಲ."