ನಾಲ್ಕನೆಯ ಸೀಟು

ಸೈಕಲ್ ಸೀಟಿನ ಮೇಲಿನ ಧೂಳನ್ನು ಅವನು ಬಾಯಿಂದ ಊದಿದ. ಧೂಳು ಕದಲಲಿಲ್ಲ. ಮತ್ತೊಮ್ಮೆ ಊದಲು ಹೋದಾಗ ಕೆಮ್ಮು ಒತ್ತರಿಸಿ ಬಂತು. ಹ್ಯಾಂಡಲ್ ಹಿಡಿದು ನಿಂತ. ಅವನ ಚೀಲಕ್ಕೆ ಬಟ್ಟೆ ತುಂಬುತ್ತಿದ್ದ ಹೆಂಡತಿ, "ಅದಕ್ಕೇನು ಮಂತ್ರ ಹಾಕ್ತಿದ್ದೀರಾ? ಬಟ್ಟೇಲಿ ಒರೆಸ್ರೀ" ಎಂದಳು. ಅವಳು ನಗಲಿಲ್ಲ.

ಕಲ್ಲುಪುಡಿ ಕಾರ್ಖಾನೆಯ ಗೆಳೆಯರು ವರ್ಷಕ್ಕೊಮ್ಮೆ ಸಮುದ್ರದವರೆಗೆ ಸೈಕಲ್ ತುಳಿಯುತ್ತಿದ್ದರು. ಮುನ್ನೂರು ಕಿಲೋಮೀಟರು, ಅದೊಂದೇ ಅವರ ಮೋಜು. ಹೋದ ವರ್ಷ ಏಳು ಜನ ಹೊರಟಿದ್ದರು. ನಾಳೆ ಹೊರಡುವವರು ಇವನೂ ಸೇರಿ ನಾಲ್ವರು. ಉಳಿದ ಮೂವರು ಎದೆ ತುಂಬ ಕಾರ್ಖಾನೆಯ ಪುಡಿ ಹೊತ್ತು ಮಣ್ಣಾಗಿದ್ದರು. ಕಂಪನಿಯ ಡಾಕ್ಟರು ಮೂವರಿಗೂ ಬರೆದುಕೊಟ್ಟ ಚೀಟಿ ಒಂದೇ: ಸಿಗರೇಟು ಬಿಡಬೇಕು. ಜೀವಮಾನದಲ್ಲಿ ಸಿಗರೇಟು ಮುಟ್ಟದ ಇವನಿಗೂ ಹೋದ ವಾರ ಅದೇ ಚೀಟಿ ಸಿಕ್ಕಿತ್ತು. ಅದನ್ನು ಬಚ್ಚಿಟ್ಟಿದ್ದ.

"ಚೀಟಿ ಅಂಗಿ ಜೇಬಲ್ಲಿತ್ತು. ಒಗೆಯೋಳು ನಾನೇ ಅಲ್ವಾ?" ಎಂದಳು ಅವಳು. "ಹೋಗ್ಬೇಡಿ ಅಂದ್ರೆ ನೀವು ಕೇಳೋ ಪೈಕಿನಾ?"

ಅವನು ಸ್ಪ್ಯಾನರ್ ತೆಗೆದು ಸೀಟಿನ ಬೋಲ್ಟು ಸಡಿಲಿಸಿದ. "ಬಾ ಇಲ್ಲಿ, ಸೈಕಲ್ ಪಕ್ಕ ನಿಂತ್ಕೋ."

"ನಾನ್ಯಾಕ್ರೀ?"

"ಕಾರ್ಖಾನೆ ಗೇಟಿನ ಮುಂದೇನೇ ಹಾದು ಹೋಗ್ಬೇಕು, ನಾಲ್ಕೂ ಸೈಕಲ್ಲು. ಇನ್ನೊಬ್ಬ ಕಮ್ಮಿಯಾದ ಅಂತ ಆ ಕಂಪನಿ ನನ್ಮಕ್ಕಳು ಎಣಿಸಬಾರದು. ನನಗೆ ಸೈಕಲ್ ಕಲಿಸಿದ್ದೇ ನೀನು. ನಿನಗೆ ಉಸಿರಿದೆ ಕಣೇ."

ಸೀಟನ್ನು ಅವಳ ಸೊಂಟದೆತ್ತರಕ್ಕೆ ಇಳಿಸಿ, ಇನ್ನು ತನ್ನ ಕೈಯಿಂದಲೂ ಸಡಿಲಿಸಲಾಗದಷ್ಟು ಬಿಗಿಯಾಗಿ ಬೋಲ್ಟು ತಿರುವಿದ.