ಇಬ್ಬರು ಎತ್ತುವ ಅಚ್ಚು

ಇಟಲಿಯ ಊರಲ್ಲಿ ಎಲ್ವಿಯೊನ ಮನೆಯ ಚೀಸು ಬೀಸುಕಲ್ಲಿನಷ್ಟು ಭಾರ. ಹದಕ್ಕೆ ಬರಲು ಇಟ್ಟದ್ದನ್ನು ಆಗಾಗ ಮಗುಚಿ ಹಾಕಲು ಅಣ್ಣ ತಮ್ಮ ಇಬ್ಬರೂ ಬೇಕಿತ್ತು. ಹಡಗು ಹತ್ತಿ ಅರ್ಜೆಂಟೀನಾಕ್ಕೆ ಬಂದವನು ತಮ್ಮ ಎಲ್ವಿಯೊ ಒಬ್ಬನೇ. ಅದಕ್ಕೇ ಒಬ್ಬನೇ ಎತ್ತುವಂಥ, ಚೀಸು ಕಟ್ಟುವ ಸಣ್ಣ ಅಚ್ಚು ಮಾಡಿಕೊಂಡ. ತುರಿದು ಉಣ್ಣುವ ಆ ಗಟ್ಟಿ ಚೀಸನ್ನು ಕೊಳ್ಳುವವರು, "ಸಣ್ಣದಾದ್ರೆ ಬೇಗ ಹದಕ್ಕೆ ಬರುತ್ತೆ. ಜಾಣ ನೀನು" ಅನ್ನುತ್ತಿದ್ದರು. ಅವನು ಚೀಸು ತೂಗಿ ಕೊಡುತ್ತಿದ್ದ. ಮಗುಚುವಾಗ ಮಾತ್ರ ಹಳೇ ಅಭ್ಯಾಸಕ್ಕೆ "ಹೂಂ, ಎತ್ತು" ಅಂದುಬಿಡುತ್ತಿದ್ದ. ಆ ಕಡೆ ಯಾರೂ ಇರುತ್ತಿರಲಿಲ್ಲ.

ಊರಿಂದ ತಂದ ದೊಡ್ಡ ಮರದ ಅಚ್ಚು ಹನ್ನೊಂದು ವರ್ಷ ಗೋಡೆಯಲ್ಲೇ ನೇತಾಡಿತು. ಯುರೋಪಿನ ಯುದ್ಧ ಮುಗಿದ ಮೇಲೆ, ಅಲ್ಲಿ ಸೈನಿಕನಾಗಿದ್ದ ಅಣ್ಣನ ಕಾಗದ ಬಂತು: "ಹೊರಟಿದ್ದೀನಿ. ಇನ್ನು ಜೊತೆಗೇ ಇರೋಣ." ಎಲ್ವಿಯೊ ಅಚ್ಚನ್ನು ಇಳಿಸಿ, ತೊಳೆದು, ಅಂಗಳದ ಬಿಸಿಲಿಗಿಟ್ಟ.

ಬಂದ ಅಣ್ಣನ ಕೋಟಿನ ಬಲತೋಳು ಖಾಲಿಯಿತ್ತು. ಅಚ್ಚನ್ನು ಕಂಡವನೇ ಅಂಗಳದಲ್ಲೇ ನಿಂತುಬಿಟ್ಟ.

"ಕಾಗದದಲ್ಲಿ ಬರೆಯೋಕೆ ಮನಸ್ಸಾಗಲಿಲ್ಲ ಕಣೋ. ಇದನ್ನ ಎತ್ತೋಕೆ ಇನ್ನು ನನ್ನಿಂದಾಗಲ್ಲ."

"ಅದನ್ನ ಎತ್ತು ಅಂದೋರು ಯಾರು? ಸೌದೆಗೆ ಅಂತ ಇಳಿಸಿದ್ದು."

ಎಲ್ವಿಯೊ ಅವನನ್ನು ಒಳಗೆ ಕರೆದೊಯ್ದು ಸಣ್ಣ ಚೀಸುಗಳ ಹಲಗೆಯ ಮುಂದೆ ನಿಲ್ಲಿಸಿದ.

"ಈ ದೇಶದಲ್ಲಿ ಚೀಸು ಇಷ್ಟೇ ಇರೋದು. ಒಂದು ಕೈ ಸಾಕು. ಹೂಂ, ಎತ್ತು."