ಹನ್ನೆರಡನೆಯ ಗಾಜು

ದುರ್ಬೀನು ಕಣ್ಣುಜ್ಜಿಕೊಂಡು ಮತ್ತೆ ಸೂಕ್ಷ್ಮದರ್ಶಕಕ್ಕೆ ಬಗ್ಗಿದ. ಹನ್ನೆರಡನೆಯ ಗಾಜಿನ ಮೇಲೆ, ನೀಲಿ ಬಣ್ಣದ ನಡುವೆ, ಕುಷ್ಠದ ರೋಗಾಣುಗಳ ಕೆಂಪು ಕಡ್ಡಿಗಳು. ಒಂದೆರಡಲ್ಲ, ದಂಡುದಂಡು. ಗಾಜಿನ ಅಂಚಿನಲ್ಲಿ ಡಾಕ್ಟರ ಕೈಬರಹ: 'ನಾನು'.

ಅವನ ಕಣ್ಣು ತಪ್ಪುವಂಥದ್ದಲ್ಲ. ಮೂರು ಮೈಲಿ ಆಚೆ ಆ ಕಡ್ಡಿಯೊಂದು ಮಗ್ಗುಲು ಬದಲಿಸಿದರೂ ಅವನಿಗೆ ತಿಳಿಯುತ್ತಿತ್ತು. ಅವನೂ ಈ ಆಸ್ಪತ್ರೆಗೆ ರೋಗಿಯಾಗಿ ಬಂದವನೇ. ವಾಸಿಯಾದ ಮೇಲೂ ಮನೆಯವರು ಕರೆದೊಯ್ಯಲಿಲ್ಲ. ಉಳಿದಿದ್ದ ಆರೂವರೆ ಬೆರಳಿಗೆ ಡಾಕ್ಟರು ತಮ್ಮ ಭಾಷೆಯ ಅಕ್ಷರವನ್ನೂ ಕಲಿಸಿ, ಸೂಕ್ಷ್ಮದರ್ಶಕದ ಮುಂದೆ ಕೂರಿಸಿ, ದುರ್ಬೀನು ಎಂದು ಹೆಸರನ್ನೂ ಇಟ್ಟರು.

ಡಾಕ್ಟರು ಹಡಗಿನಲ್ಲಿ ಬಂದ ಮಿಷನ್ನಿನವರು. ಇಪ್ಪತ್ತೆರಡು ವರ್ಷಗಳಲ್ಲಿ ಅವರು ಗೀರಿದ ಕಿವಿಗಳನ್ನು ಸಾಲಾಗಿ ಜೋಡಿಸಿದ್ದರೆ ಅವರ ದೇಶ ಮುಟ್ಟಿ, ಇನ್ನೂ ನಾಲ್ಕು ಮಿಕ್ಕುತ್ತಿದ್ದವು. ಕಿವಿಯ ಹಾಲೆಯನ್ನು ಬ್ಲೇಡಿನಿಂದ ಗೀರಿ, ರಸ ತೆಗೆದು ಗಾಜಿಗೆ ಸವರುವುದೇ ಅಲ್ಲಿನ ಪರೀಕ್ಷೆ. ಗಾಯ ಮಾಗಿದರೂ ಬಿಳಿ ಗೆರೆ ಸಾಯುವತನಕ ಉಳಿಯುತ್ತಿತ್ತು. ವಾಸಿಯಾದವರ ಮನೆಗಳಿಗೆ ಡಾಕ್ಟರು ಸಾವಿರ ಕಾಗದ ಬರೆದಿದ್ದರು: 'ಬಂದು ಕರೆದುಕೊಂಡು ಹೋಗಿ.' ಬಂದವರು ಮೂರೇ ಜನ. ಅದರಲ್ಲೂ ಒಬ್ಬ ದಾರಿ ತಪ್ಪಿ ಬಂದವನು.

ಈಗ ಅವರೇ ಮನೆಗೆ ಹೊರಟಿದ್ದರು. ಪೆಟ್ಟಿಗೆ ಕಟ್ಟಿಯಾಗಿತ್ತು. ಶುಕ್ರವಾರ ಹಡಗು. ಆ ಕಡೆ ಮಗಳು, ಇನ್ನೂ ಮುಖ ನೋಡದ ಇಬ್ಬರು ಮೊಮ್ಮಕ್ಕಳು.

ಅಂದು ಬೆಳಿಗ್ಗೆ ಮಗಳ ಕಾಗದ ಬಂದಿತ್ತು.

"ಏನಂತೆ ಡಾಕ್ಟ್ರೇ?" ದುರ್ಬೀನು ಕೇಳಿದ್ದ.

"ಮಕ್ಕಳು ಚಿಕ್ಕವು, ಪರೀಕ್ಷೆ ಮಾಡಿಸ್ಕೊಂಡು ಬಾ ಅಂದಿದಾಳೆ." ಡಾಕ್ಟರು ಕಾಗದ ಮಡಚಿ ಕೋಟಿನ ಜೇಬಿಗೆ ಸೇರಿಸಿದರು. "ತಾಯಿ ಅಲ್ವಾ. ಕನ್ನಡಿ ಇದೆ, ನಾನೇ ಗೀರ್ಕೋತೀನಿ."

ರೋಗಿಗಳನ್ನು ಒಬ್ಬೊಬ್ಬರಾಗಿ ಒಳಗೆ ಕರೆದರು. ಕೊನೆಗೆ ಹೊರಬಂದ ಗೇಟಿನಜ್ಜ ಕಿವಿ ಹಿಡಿದುಕೊಂಡು ಗೊಣಗಿದ.

"ಎಲ್ರಿಗೂ ಒಂದು ಗಾಯ, ನಂಗೆ ಮಾತ್ರ ಎರಡು. ಹೋಗೋ ಹೊತ್ತಿಗೆ ಡಾಕ್ಟ್ರ ಕೈ ನಡುಗ್ತಿದೆ ಕಣಯ್ಯ."

"ನೆನಪಿಗೆ ಅಂತ ನಿನ್ನ ಕಿವಿ ಒಯ್ತಾರೇನೋ ಬಿಡಜ್ಜ," ಎಂದ ದುರ್ಬೀನು.

ಸಂಜೆ ದುರ್ಬೀನು ವರದಿ ಹಿಡಿದು ನಿಂತಾಗ ಡಾಕ್ಟರ ಕಿವಿಗೆ ಹತ್ತಿ ಅಂಟಿತ್ತು.

"ಇದೆಯಾ?"

"ಇಲ್ಲ ಅಂತ ಬರೀತೀನಿ ಡಾಕ್ಟ್ರೇ. ನೀವು ಹಡಗು ಹತ್ತಿ."

"ಗಾಜಿನ ಮೇಲೆ ಕಂಡಿದ್ದನ್ನ ಬರಿ. ನಾನು ಕಲ್ಸಿದ್ದು ಅದನ್ನೇ."

ಬರೆದ. ನಕಲು ಮಗಳಿಗೆ ಹೋಯಿತು. ಮುಂದಿನ ಹಡಗಿಗೆ ಉತ್ತರ ಬಂತು. ಡಾಕ್ಟರು ಗಟ್ಟಿಯಾಗಿ ಓದಿದರು: 'ತುಂಬಾ ದುಃಖವಾಯಿತು. ಇದೊಂದು ಆಗದಿದ್ದರೆ, ನಿನ್ನ ಕೋಣೆ ಸಿದ್ಧವಾಗಿತ್ತು ಅಪ್ಪ.'

"ಒಳ್ಳೇ ಹುಡುಗಿ," ಎಂದು ಪೆಟ್ಟಿಗೆಯ ಹಗ್ಗ ಬಿಚ್ಚಿದರು.

ಆರು ವರ್ಷ ರೋಗಿಗಳ ಸಾಲಿನಲ್ಲೇ ನಿಂತು ಮಾತ್ರೆ ನುಂಗಿದರು. ಕೂದಲು ಕತ್ತರಿಸಿಕೊಳ್ಳುವುದನ್ನೂ ಬಿಟ್ಟರು. ಬೆಳೆದು ಕಿವಿ ಮುಚ್ಚಿತು. ಮತ್ತೆ ಪರೀಕ್ಷೆ ಅಂದರೆ, "ನನ್ನ ಡಾಕ್ಟ್ರು ನಾನೇ," ಅನ್ನುತ್ತಿದ್ದರು. ದುರ್ಬೀನು ತನ್ನ ಕಣ್ಣಿಗೆ ಹಾಕಿಕೊಂಡ ಶಾಪಕ್ಕೆ ಬೇರೆಯವರ ಕಣ್ಣಾಗಿದ್ದರೆ ಬೂದಿಯಾಗುತ್ತಿತ್ತು.

ಏಳನೆಯ ವರ್ಷ ಜ್ವರ ಬಂತು. ನಾಲ್ಕೇ ದಿನ. ಮಗಳಿಗೆ ತಂತಿ ಹೋಯಿತು, ಉತ್ತರ ಬರಲಿಲ್ಲ.

ಮೈ ತೊಳೆಯಲು ದುರ್ಬೀನು ಕೋಟು ಬಿಚ್ಚಿದಾಗ ಜೇಬಿನಿಂದ ಕಾಗದ ಬಿತ್ತು. ಪೆಟ್ಟಿಗೆ ಕಟ್ಟಿದ್ದಾಗ ಬಂದದ್ದು. ಡಾಕ್ಟರು ಕಲಿಸಿದ ಅಕ್ಷರಗಳನ್ನೇ ಕೂಡಿಸಿ ಓದಿದ.

'ಪರೀಕ್ಷೆಯಲ್ಲಿ ಏನೂ ಇಲ್ಲದಿದ್ದರೂ ಇಲ್ಲಿ ಯಾರೂ ಒಪ್ಪುವುದಿಲ್ಲ ಅಪ್ಪ. ನನಗೂ ಭಯ. ಆದರೆ ಬರಬೇಡ ಅನ್ನುವುದಕ್ಕೆ ಬಾಯಿ ಬರುತ್ತಿಲ್ಲ. ನಾನೇನು ಮಾಡಲಿ, ನೀನೇ ಹೇಳು.'

ದುರ್ಬೀನು ಒದ್ದೆ ಬಟ್ಟೆ ಕೆಳಗಿಟ್ಟ. ಡಾಕ್ಟರ ಉದ್ದ ಕೂದಲನ್ನು ಸರಿಸಿ, ತಲೆಯನ್ನು ಬೆಳಕಿಗೆ ಈ ಕಡೆ ತಿರುಗಿಸಿದ, ಆ ಕಡೆ ತಿರುಗಿಸಿದ.

ಎರಡು ಕಿವಿಯಲ್ಲೂ ಒಂದು ಗೆರೆಯೂ ಇರಲಿಲ್ಲ.